ಎಲೆಚಪ್ಪರ ಮುಚ್ಚುವ ಮುನ್ನ: ಕಾಲಂಬೈನ್ ಮತ್ತು ಅದರ ವಸಂತದ ನೆರೆಹೊರೆ

ನಮ್ಮ ಕಡೆ ವಸಂತವೆಂದರೆ ತಲೆಯೆತ್ತಿ ನೋಡಬೇಕಾದ ಕಾಲ. ಎಲೆ ಕಳಚಿಕೊಂಡ ಮುತ್ತುಗ ಕೊಂಬೆಕೊಂಬೆಗೂ ಕೆಂಪು ಹಚ್ಚಿಕೊಂಡು ನಿಲ್ಲುತ್ತದೆ, ಹೊಂಗೆ ಚಿಗುರುತ್ತಲೇ ಹೂವುದುರಿಸಿ ದಾರಿಯನ್ನು ಮುಚ್ಚುತ್ತದೆ. ಅದೇ ಹೊತ್ತಿನಲ್ಲಿ ಮರದ ಬುಡದ ನೆಲ ಒಣಗಿ ಬಿರಿದಿರುವುದರಿಂದ ಅಲ್ಲಿ ಹೂವು ಇರಬಹುದೆಂದು ಯಾರೂ ಬಗ್ಗಿ ನೋಡುವುದಿಲ್ಲ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಹಬ್ಬಿರುವ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಈ ಚಿತ್ರ ಪೂರ್ತಿ ತಿರುವುಮುರುವು. ಅಲ್ಲಿ ಏಪ್ರಿಲ್ ತಿಂಗಳಿನಲ್ಲಿ ಮರಗಳು ಇನ್ನೂ ಬೋಳಾಗಿರುತ್ತವೆ; ಹೂವಿನ ಸಂತೆ ನೆರೆಯುವುದು ನೆಲದ ಮೇಲೆ, ಕಳೆದ ವರ್ಷದ ತರಗೆಲೆಗಳ ನಡುವೆ, ಬಂಡೆಗಳ ಬಿರುಕಿನಲ್ಲಿ. ಆ ಸಂತೆ ಬೇಗ ನೆರೆದು ಬೇಗ ಚದುರುತ್ತದೆ. ಅದು ಏಕೆ ಅಷ್ಟು ಅವಸರದ್ದು, ಅದರಲ್ಲಿ ಕಾಲಂಬೈನ್ ಎಂಬ ಬಾಲವುಳ್ಳ ಹೂವು ಏಕೆ ಗುಂಪಿನಿಂದ ದೂರ ಸರಿದು ಬಂಡೆಯನ್ನು ಹಿಡಿದುಕೊಂಡಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಬೆಳಕಿನ ಲೆಕ್ಕವನ್ನು ನೋಡಬೇಕು.

ಟೆನೆಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1934ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ 1500ಕ್ಕೂ ಹೆಚ್ಚು ಬಗೆಯ ಹೂಬಿಡುವ ಸಸ್ಯಗಳಿವೆ. ಅವುಗಳಲ್ಲಿ ವಸಂತದ ಕಾಡುಹೂಗಳನ್ನು ನೋಡುವುದಕ್ಕೆಂದೇ 1951ರಿಂದ ಪ್ರತಿ ವರ್ಷ ಅಲ್ಲೊಂದು ಹೂಯಾತ್ರೆ ನಡೆದುಬಂದಿದೆ. ಹಿಮಯುಗದ ನೀರ್ಗಲ್ಲಿನ ಹಾಳೆಗಳು ಇಷ್ಟು ದಕ್ಷಿಣಕ್ಕೆ ಇಳಿಯದೆ ಇದ್ದುದರಿಂದ ಇಲ್ಲಿನ ಸಸ್ಯಗಳಿಗೆ ನೆಲೆ ತಪ್ಪಲಿಲ್ಲ, ಕಣಿವೆಗಳ ಮಣ್ಣೂ ಆಳವಾಗಿ ಉಳಿಯಿತು. ಉದ್ಯಾನದ ತಗ್ಗಿನ ಭಾಗ ಸಮುದ್ರಮಟ್ಟದಿಂದ 300 ಮೀಟರಿಗಿಂತ ಕೆಳಗಿದ್ದರೆ ಅತ್ಯುನ್ನತ ಶಿಖರ 2000 ಮೀಟರನ್ನು ದಾಟುತ್ತದೆ. ಹೀಗಾಗಿ ಅಲ್ಲಿ ವಸಂತವು ದಿನಾಂಕ ನೋಡಿಕೊಂಡು ಬರುವುದಿಲ್ಲ, ಬೆಟ್ಟ ಹತ್ತಿಕೊಂಡು ಬರುತ್ತದೆ: ಕಣಿವೆಯಲ್ಲಿ ಅರಳಿ ಮುಗಿದ ಹೂವನ್ನೇ ಕೆಲವು ವಾರಗಳ ನಂತರ ಮೇಲಿನ ಇಳಿಜಾರಿನಲ್ಲಿ ಮೊಗ್ಗಾಗಿ ಕಾಣಬಹುದು.

ಇಲ್ಲಿನ ಓಕ್, ಮೇಪಲ್, ಟ್ಯೂಲಿಪ್ ಮರಗಳು ಚಳಿಗಾಲಕ್ಕೆ ಮುನ್ನ ಎಲೆ ಉದುರಿಸುತ್ತವೆ. ನವೆಂಬರಿನಿಂದ ಏಪ್ರಿಲ್‌ವರೆಗೆ ನೆಲಕ್ಕೆ ಬಿಸಿಲು ಧಾರಾಳವಾಗಿ ಬೀಳುತ್ತದೆಯಾದರೂ ಆ ಅವಧಿಯ ಬಹುಭಾಗದಲ್ಲಿ ಚಳಿ ಸಸ್ಯಗಳ ಕೈಕಟ್ಟಿಹಾಕಿರುತ್ತದೆ. ಚಳಿ ಸಡಿಲವಾಗಿ ಕೆಲವು ವಾರಗಳಾಗುವಷ್ಟರಲ್ಲಿ ಮರಗಳು ಚಿಗುರಿ ಚಪ್ಪರ ಮುಚ್ಚಿಬಿಡುತ್ತವೆ, ಆಮೇಲೆ ಬಯಲಿನ ಬೆಳಕಿನಲ್ಲಿ ನೂರಕ್ಕೆ ಕೆಲವೇ ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಅಂದರೆ ಬೆಚ್ಚಗಿನ ಮಣ್ಣು ಮತ್ತು ತೆರೆದ ಬೆಳಕು ಎರಡೂ ಒಟ್ಟಿಗೆ ಸಿಗುವ ಕಿಟಕಿ ಒಂದೂವರೆ ಎರಡು ತಿಂಗಳಿನಷ್ಟು ಮಾತ್ರ ತೆರೆದಿರುತ್ತದೆ. ಈ ಕಿಟಕಿಗೆ ತಕ್ಕಂತೆ ತಮ್ಮ ಇಡೀ ಬಾಳನ್ನು ಹೊಂದಿಸಿಕೊಂಡಿರುವ ಸಸ್ಯಗಳನ್ನು ವಸಂತದ ಅಲ್ಪಾಯುಗಳೆಂದು ಕರೆಯುವ ರೂಢಿಯಿದೆ. ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಅಲ್ಪಾಯುವಾದದ್ದು ನೆಲದ ಮೇಲಿನ ಎಲೆ ಮತ್ತು ಹೂವು ಮಾತ್ರ; ನೆಲದೊಳಗಿನ ಗೆಡ್ಡೆ ಹತ್ತಾರು ವರ್ಷ ಬಾಳಬಲ್ಲದು.

ಟ್ರೌಟ್ ಲಿಲಿ ಇದಕ್ಕೆ ಒಳ್ಳೆಯ ನಿದರ್ಶನ. ಟ್ರೌಟ್ ಮೀನಿನ ಮೈಯಂತೆ ಚುಕ್ಕೆಚುಕ್ಕೆಯಾಗಿರುವ ಅದರ ಎಲೆಗಳು ತರಗೆಲೆಯನ್ನು ಚುಚ್ಚಿಕೊಂಡು ಹೊರಬಂದು, ಕೆಲವೇ ವಾರಗಳಲ್ಲಿ ಒಂದು ವರ್ಷಕ್ಕಾಗುವಷ್ಟು ಪಿಷ್ಟವನ್ನು ಗೆಡ್ಡೆಗೆ ಇಳಿಸಿ, ಬೇಸಿಗೆ ಕಾಲಿಡುವ ಮುಂಚೆಯೇ ಹಳದಿಯಾಗಿ ಕೊಳೆತುಹೋಗುತ್ತವೆ. ಒಂದು ಇಳಿಜಾರಿನಲ್ಲಿ ಸಾವಿರಾರು ಎಲೆಗಳಿದ್ದರೂ ಹೂವು ಅಲ್ಲೊಂದು ಇಲ್ಲೊಂದು ಮಾತ್ರ ಕಾಣಿಸುವುದುಂಟು. ಹೂಬಿಡುವ ಶಕ್ತಿ ಕೂಡುವತನಕ ಗಿಡ ವರ್ಷಕ್ಕೊಂದೇ ಎಲೆ ಬಿಟ್ಟು ಉಳಿತಾಯ ಮಾಡುತ್ತಿರುತ್ತದೆ, ಎರಡೆಲೆ ಬಂದ ಗಿಡಕ್ಕೆ ಮಾತ್ರ ಹೂವಿನ ಯೋಗ. ಈ ಪುಟ್ಟ ಗಿಡ ಕಾಡಿನ ಲೆಕ್ಕಪತ್ರದಲ್ಲಿ ಎಷ್ಟು ದೊಡ್ಡ ಪಾತ್ರ ವಹಿಸಬಹುದೆಂಬುದನ್ನು 1976ರಲ್ಲಿ ಮುಲ್ಲರ್ ಮತ್ತು ಬೋರ್ಮನ್ ಎಂಬ ವಿಜ್ಞಾನಿಗಳು ನ್ಯೂ ಹ್ಯಾಂಪ್‌ಶೈರಿನ ಹಬಾರ್ಡ್ ಬ್ರೂಕ್ ಕಾಡಿನ ಅಧ್ಯಯನದಿಂದ ತೋರಿಸಿದರು. ಹಿಮ ಕರಗಿ ನೀರು ಹರಿಯುವ ಹೊತ್ತಿನಲ್ಲಿ ಮರಗಳಿನ್ನೂ ಪೂರ್ತಿ ಎಚ್ಚರಗೊಂಡಿರುವುದಿಲ್ಲ. ಆಗ ಮಣ್ಣಿನಲ್ಲಿರುವ ಸಾರಜನಕ ಮತ್ತು ಪೊಟ್ಯಾಸಿಯಂ ತೊರೆಗೆ ಕೊಚ್ಚಿಹೋಗದಂತೆ ಟ್ರೌಟ್ ಲಿಲಿ ಹೀರಿಟ್ಟುಕೊಂಡು, ತಾನು ಕೊಳೆಯುವಾಗ ಮರಗಳಿಗೆ ಅದನ್ನು ಬಿಟ್ಟುಕೊಡುತ್ತದೆ ಎಂಬುದು ಅವರ ವಾದ. ವಸಂತದ ಒಡ್ಡು ಎಂಬ ಹೆಸರಿನಿಂದ ಪರಿಚಿತವಾದ ಈ ಕಲ್ಪನೆ ಪ್ರತಿಯೊಂದು ಕಾಡಿಗೂ ಒಂದೇ ರೀತಿ ಅನ್ವಯಿಸದೆ ಇರಬಹುದು, ಆದರೆ ಕಾಲಿನಡಿಯ ಗಿಡವನ್ನು ಅಲಂಕಾರವೆಂದು ತಳ್ಳಿಹಾಕುವಂತಿಲ್ಲ ಎಂಬುದನ್ನಂತೂ ಅದು ಮನದಟ್ಟು ಮಾಡಿತು.

ಬೇಗ ಅರಳುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಏಪ್ರಿಲ್ ಆರಂಭದ ದಿನಗಳಲ್ಲಿ ಬೆಳಗ್ಗೆ ಬಿಸಿಲಿದ್ದರೆ ಸಂಜೆ ಮಂಜು ಹೆಪ್ಪುಗಟ್ಟಬಹುದು. ಹಾರಾಡುವ ಕೀಟಗಳೂ ವಿರಳ. ಸ್ಪ್ರಿಂಗ್ ಬ್ಯೂಟಿ ಎಂಬ ನಸುಗೆಂಪು ಗೆರೆಗಳ ಸಣ್ಣ ಹೂವಿಗೆ ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಒಂದು ಜಾತಿಯ ಜೇನ್ನೊಣವಿದೆ. ಅದು ತನ್ನ ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಈ ಹೂವಿನ ಪರಾಗವನ್ನೇ, ಆದ್ದರಿಂದ ಅದರ ಹಾರಾಟದ ಋತುವೂ ಹೂವಿನ ಋತುವೂ ಒಂದೇ. ಡಚ್‌ಮನ್ಸ್ ಬ್ರೀಚಸ್ ಎಂಬ ಹೂವು, ತೊಳೆದು ತಲೆಕೆಳಗಾಗಿ ಒಣಹಾಕಿದ ಬಿಳಿ ಚಡ್ಡಿಗಳ ಸಾಲಿನಂತೆ ಕಾಣುವುದರಿಂದಲೇ ಆ ಹೆಸರು ಪಡೆದದ್ದು, ಚಳಿಗಾಲವನ್ನು ಒಂಟಿಯಾಗಿ ಕಳೆದು ಆಗಷ್ಟೇ ಎದ್ದ, ಬಂಬಲ್‌ಬೀ ಎಂಬ ದಪ್ಪಮೈಯ ಜೇನ್ನೊಣದ ರಾಣಿಗಳನ್ನು ನಂಬಿಕೊಂಡಿದೆ. ಆ ಹೂವಿನ ಬಾಯಿಯನ್ನು ತೆರೆಯುವ ಬಲ, ಒಳಗಿನ ಮಕರಂದವನ್ನು ಮುಟ್ಟುವ ನಾಲಗೆಯ ಉದ್ದ ಅವಕ್ಕಿವೆ. ಗಿಡ್ಡ ನಾಲಗೆಯ ಕೆಲವು ಕೀಟಗಳು ಹೂವಿನ ತುದಿಗೆ ತೂತು ಕೊರೆದು, ಪರಾಗವನ್ನು ಮುಟ್ಟದೆಯೇ ಮಕರಂದವನ್ನು ಕದ್ದುಹೋಗುವುದೂ ಉಂಟು.

ಬೀಜದ ಸಾಗಾಟದಲ್ಲಿ ಈ ಸಸ್ಯಗಳಲ್ಲಿ ಹಲವು ಇರುವೆಗಳನ್ನು ಆಶ್ರಯಿಸಿವೆ. ಹರಳಿನ ಬೀಜದ ತುದಿಯಲ್ಲಿ ಅಂಟಿಕೊಂಡಿರುವ ಬೆಳ್ಳನೆಯ ಗಂಟನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಟ್ರಿಲಿಯಂ, ಬ್ಲಡ್‌ರೂಟ್ ಎಂಬ ಕಾಡುಹೂಗಳ ಮತ್ತು ಟ್ರೌಟ್ ಲಿಲಿಯ ಬೀಜಗಳಿಗೂ ಅಂಥದೇ ಕೊಬ್ಬು ತುಂಬಿದ ಒಂದು ತುಣುಕು ಇರುತ್ತದೆ. ಇರುವೆ ಬೀಜವನ್ನು ಗೂಡಿಗೆ ಎಳೆದೊಯ್ದು, ಆ ತುಣುಕನ್ನು ಮರಿಗಳಿಗೆ ಉಣಿಸಿ, ಬೀಜವನ್ನು ಹಾಗೆಯೇ ಕಸದ ಜಾಗಕ್ಕೆ ಎಸೆಯುತ್ತದೆ. ಇಲಿಗಳ ಕಣ್ಣಿಗೆ ಬೀಳದ ಆ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ. ತೊಡಕೇನೆಂದರೆ ಇರುವೆ ಬೀಜವನ್ನು ಒಯ್ಯುವುದು ಕೆಲವು ಮೀಟರುಗಳಷ್ಟು ಮಾತ್ರ. ಹಿಮಯುಗ ಮುಗಿದ ಮೇಲೆ ಟ್ರಿಲಿಯಂ ನೂರಾರು ಕಿಲೋಮೀಟರು ಉತ್ತರಕ್ಕೆ, ಕೆನಡಾದ ಆಂಟೇರಿಯೊವರೆಗೆ, ಇರುವೆಯ ಬೆನ್ನೇರಿ ತಲುಪಿತೆಂದರೆ ಲೆಕ್ಕ ಕೂಡುವುದಿಲ್ಲ. ಬಿಳಿಬಾಲದ ಜಿಂಕೆಗಳ ಹಿಕ್ಕೆಯಲ್ಲಿ ಮೊಳೆಯಬಲ್ಲ ಟ್ರಿಲಿಯಂ ಬೀಜಗಳು ಸಿಕ್ಕಿದಾಗ ಈ ಒಗಟಿಗೆ ಒಂದು ಸಂಭವನೀಯ ಉತ್ತರ ದೊರೆಯಿತು. ಇಂದು ಅದೇ ಜಿಂಕೆಗಳ ಸಂಖ್ಯೆ ಮಿತಿಮೀರಿ ಟ್ರಿಲಿಯಂ ಗಿಡಗಳನ್ನು ಬುಡಮಟ್ಟ ಮೇಯುತ್ತಿವೆ. ಬೀಜದಿಂದ ಮೊದಲ ಹೂವಿನವರೆಗೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಗಿಡಕ್ಕೆ ಇದು ಸಣ್ಣ ಪೆಟ್ಟಲ್ಲ.

ಇಷ್ಟೆಲ್ಲ ನೆರೆಹೊರೆಯ ನಡುವೆ ಕಾಲಂಬೈನ್ ಹಿಡಿದ ದಾರಿಯೇ ಬೇರೆ. ಪೂರ್ವಭಾಗದ ಕೆಂಪು ಕಾಲಂಬೈನ್ ಕೆನಡಾದ ದಕ್ಷಿಣ ಭಾಗದಿಂದ ಫ್ಲಾರಿಡಾದ ಉತ್ತರದ ಅಂಚು ಮತ್ತು ಟೆಕ್ಸಸ್‌ವರೆಗೆ ಹರಡಿಕೊಂಡಿದೆ, ಆದರೆ ಅದನ್ನು ಆಳವಾದ ಕಣಿವೆಮಣ್ಣಿನಲ್ಲಿ ಟ್ರಿಲಿಯಂಗಳ ನಡುವೆ ಹುಡುಕಿ ಪ್ರಯೋಜನವಿಲ್ಲ. ಸುಣ್ಣಕಲ್ಲಿನ ಬಂಡೆಗಳ ಅಂಚು, ಕಲ್ಲುಗುಪ್ಪೆಗಳ ಇಳಿಜಾರು, ಮರಗಳು ವಿರಳವಾದ ಕಾಡಿನ ಸೆರಗು, ರಸ್ತೆಗಾಗಿ ಕಡಿದ ಗುಡ್ಡದ ಗೋಡೆ, ಇವು ಅದಕ್ಕೆ ಮೆಚ್ಚಿನ ತಾಣಗಳು. ಅದರ ಸಣ್ಣ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ತರಗೆಲೆಯ ದಪ್ಪ ಹೊದಿಕೆ ಅಥವಾ ಹುಲ್ಲಿನ ದಟ್ಟ ಬೇರು ಇರುವಲ್ಲಿ ಅದು ಸೋಲುತ್ತದೆ. ಬೇರೆ ಗಿಡಗಳಿಗೆ ಮಣ್ಣು ಸಾಲದೆನಿಸುವ ಬಿರುಕಿನಲ್ಲಿ ಅದಕ್ಕೆ ಸ್ಪರ್ಧಿಗಳಿಲ್ಲ. ಎಲೆಯನ್ನೂ ಅದು ಅವಸರದಲ್ಲಿ ಕಳಚುವುದಿಲ್ಲ, ಬೇಸಿಗೆಯುದ್ದಕ್ಕೂ ಹಸಿರಾಗಿಯೇ ಇರುತ್ತದೆ. ಟ್ರಿಲಿಯಂ ನಿಧಾನವಾಗಿ ಬೆಳೆದು ದಶಕಗಟ್ಟಲೆ ಬಾಳಿದರೆ, ಕಾಲಂಬೈನ್ ಕೆಲವೇ ವರ್ಷ ಬದುಕಿ ಧಾರಾಳವಾಗಿ ಬೀಜ ಚೆಲ್ಲುತ್ತದೆ. ಹೂವು ಬಗ್ಗಿ ನೇತಾಡುತ್ತಿದ್ದರೂ ಕಾಯಿ ಬಲಿಯುವಾಗ ತೊಟ್ಟು ನೆಟ್ಟಗಾಗುತ್ತದೆ, ಐದು ಸೀಳುಗಳ ಒಣಕಾಯಿ ಬಾಯಿ ತೆರೆದು ಗಾಳಿಗೆ ಅಲುಗಾಡಿದಾಗ ಮಿರುಗುವ ಕಪ್ಪು ಬೀಜಗಳು ಚಿಮುಕಿಸಿದಂತೆ ಉದುರುತ್ತವೆ. ಆ ಬೀಜಗಳನ್ನು ಕಂಡಾಗ ಕರಿಜೀರಿಗೆ ನೆನಪಾದರೆ ಅಚ್ಚರಿಯಿಲ್ಲ, ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು.

ಹೂವಿನ ರಚನೆಯನ್ನು ತಿಳಿಯುವುದಕ್ಕೆ ನಮ್ಮ ಹಿತ್ತಲಿನ ಕರ್ಣಕುಂಡಲವನ್ನು ನೆನಪಿಸಿಕೊಳ್ಳಬಹುದು. ಅದರ ಹೂವಿನ ಹಿಂಬದಿಯಲ್ಲಿ ಸಣ್ಣ ಬಾಲವೊಂದು ಬಾಗಿಕೊಂಡಿರುತ್ತದೆ, ಆ ಬಾಲದೊಳಗೆ ಮಕರಂದವಿರುತ್ತದೆ. ಕರ್ಣಕುಂಡಲಕ್ಕೆ ಅಂಥದು ಒಂದೇ ಬಾಲ. ಕಾಲಂಬೈನಿಗೆ ಐದು ದಳಗಳಿಗೂ ಒಂದೊಂದು. ಪ್ರತಿಯೊಂದು ದಳವೂ ಕೊಳವೆಯಾಗಿ ಹಿಂದಕ್ಕೆ ಚಾಚಿ, ತುದಿಯಲ್ಲಿ ಸಣ್ಣ ಗುಂಡಿಯಂತೆ ಉಬ್ಬಿ, ಅಲ್ಲಿ ಮಕರಂದವನ್ನು ಒಸರುತ್ತದೆ. ಅವುಗಳ ನಡುವೆ ದಳದಂತೆಯೇ ಬಣ್ಣ ತಳೆದ ಐದು ಪುಷ್ಪಪತ್ರಗಳಿರುತ್ತವೆ. ಹೂವನ್ನು ತಿರುಗಿಸಿ ಹಿಡಿದರೆ ಐದು ಪಾರಿವಾಳಗಳು ಬಟ್ಟಲಿನ ಸುತ್ತ ಕೂತು ನೀರು ಕುಡಿಯುವಂತೆ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ಪಾರಿವಾಳಕ್ಕೆ ಕೊಲುಂಬಾ ಎಂದು ಹೆಸರು, ಕಾಲಂಬೈನ್ ಎಂಬ ಮಾತು ಅದರಿಂದ ಬಂದದ್ದು. ಸಸ್ಯಶಾಸ್ತ್ರದ ಹೆಸರಾದ ಅಕ್ವಿಲೀಜಿಯ ಮಾತ್ರ ಹದ್ದಿನ ಹೆಸರಾದ ಅಕ್ವಿಲದಿಂದ, ಬಾಲಗಳನ್ನು ಹದ್ದಿನ ಉಗುರಿಗೆ ಹೋಲಿಸಿ, ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದೇ ಹೂವಿನಲ್ಲಿ ಒಬ್ಬರಿಗೆ ಪಾರಿವಾಳ, ಇನ್ನೊಬ್ಬರಿಗೆ ಹದ್ದು ಕಂಡದ್ದು ಸ್ವಾರಸ್ಯಕರ.

ಹೊರಗೆ ಕೆಂಪು, ಒಳಗೆ ಹಳದಿಯಾದ ಪೂರ್ವದ ಕಾಲಂಬೈನಿಗೆ ಮುಖ್ಯ ಅತಿಥಿ ಕೆಂಪುಕೊರಳಿನ ಹಮ್ಮಿಂಗ್‌ಬರ್ಡ್. ಸುಮಾರು ಮೂರು ಗ್ರಾಂ ತೂಗುವ ಈ ಹಕ್ಕಿ ಚಳಿಗಾಲವನ್ನು ಮಧ್ಯ ಅಮೆರಿಕದಲ್ಲಿ ಕಳೆದು ವಸಂತದಲ್ಲಿ ಉತ್ತರಕ್ಕೆ ಮರಳುವಾಗ ಕಾಲಂಬೈನ್ ಅರಳಿರುತ್ತದೆ. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಕೊಂಬೆಯ ಆಸರೆ ಹಿಡಿದು ಮಕರಂದ ಹೀರಿದರೆ, ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕೊಕ್ಕನ್ನು ಕೆಳಗಿನಿಂದ ಮೇಲಕ್ಕೆ ತೂರಿಸುತ್ತದೆ. ಆದ್ದರಿಂದ ಹೂವು ನೇತಾಡುತ್ತಿರುವುದು ಅದಕ್ಕೆ ಅಡ್ಡಿಯಲ್ಲ, ಕೆಳಕ್ಕೆ ಚಾಚಿದ ಕೇಸರಗಳು ಅದರ ತಲೆಗೆ ಪರಾಗವನ್ನು ಹಚ್ಚುತ್ತವೆ.

ಅಕ್ವಿಲೀಜಿಯ ಕುಲದಲ್ಲಿ ಅರವತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಉತ್ತರ ಗೋಳಾರ್ಧದವು, ಅವುಗಳ ಬಾಲದ ಉದ್ದದಲ್ಲಿರುವ ವ್ಯತ್ಯಾಸ ಬೆರಗು ಹುಟ್ಟಿಸುವಂಥದು. ಯುರೋಪಿನ ನೀಲಿನೇರಳೆ ಕಾಲಂಬೈನಿನ ಗಿಡ್ಡ ಬಾಲ ಕೊಕ್ಕೆಯಂತೆ ಒಳಕ್ಕೆ ಬಾಗಿರುತ್ತದೆ, ಅದು ಬಂಬಲ್‌ಬೀಯ ನಾಲಗೆಗೆ ಹೊಂದುವ ಅಳತೆ. ಹಮ್ಮಿಂಗ್‌ಬರ್ಡಿನ ಕೆಂಪು ಹೂಗಳಲ್ಲಿ ಬಾಲ ನೆಟ್ಟಗಾಗಿ ಇನ್ನಷ್ಟು ಉದ್ದವಾಗುತ್ತದೆ. ಮುಸ್ಸಂಜೆಯಲ್ಲಿ ಹಾರುವ, ಹಾಕ್‌ಮಾತ್ ಎಂದು ಕರೆಯಲಾಗುವ ದೊಡ್ಡ ಪತಂಗಗಳಿಗಾಗಿ ಅರಳುವ ಬಿಳಿ, ಹಳದಿ ಹೂಗಳಲ್ಲಿ ಅದು ಅತ್ಯಂತ ಉದ್ದ. ಟೆಕ್ಸಸ್, ಅರಿಜೋನಾ ಮತ್ತು ಮೆಕ್ಸಿಕೋದ ಒಂದು ಪ್ರಭೇದದಲ್ಲಿ 12 ಸೆಂಟಿಮೀಟರಿಗಿಂತಲೂ ಉದ್ದವಾಗಿರುತ್ತದೆ. ಇಂಥ ಉದ್ದಕ್ಕೆ ಕಾರಣವೇನೆಂಬ ಪ್ರಶ್ನೆ ಹಳೆಯದು. ಮಡಗಾಸ್ಕರಿನ ಆರ್ಕಿಡ್ ಒಂದರ ಸುಮಾರು 30 ಸೆಂಟಿಮೀಟರ್ ಉದ್ದದ ಬಾಲವನ್ನು ನೋಡಿದ ಡಾರ್ವಿನ್, ಅಷ್ಟೇ ಉದ್ದದ ಸೊಂಡಿಲಿರುವ ಪತಂಗವೊಂದು ಇರಲೇಬೇಕೆಂದು 1862ರಲ್ಲಿ ಊಹಿಸಿದ್ದ. 1903ರಲ್ಲಿ ಅಂಥ ಪತಂಗದ ವರ್ಣನೆ ಪ್ರಕಟವಾಯಿತು. ಹೂವಿನ ಬಾಲ ಉದ್ದವಾದಂತೆ ಪತಂಗದ ಸೊಂಡಿಲು, ಸೊಂಡಿಲು ಉದ್ದವಾದಂತೆ ಬಾಲ, ಹೀಗೆ ಎರಡೂ ಒಂದನ್ನೊಂದು ಬೆನ್ನಟ್ಟಿ ನಿಧಾನವಾಗಿ ಬೆಳೆದವೆಂಬುದು ಆತನ ವಿವರಣೆ.

ಕಾಲಂಬೈನುಗಳು ಈ ವಿವರಣೆಗೆ ಒಂದು ತಿದ್ದುಪಡಿ ತಂದವು. 2007ರಲ್ಲಿ ವಿಟ್ಟಾಲ್ ಮತ್ತು ಹಾಜಸ್ ಎಂಬ ವಿಜ್ಞಾನಿಗಳು ಉತ್ತರ ಅಮೆರಿಕದ ಪ್ರಭೇದಗಳ ವಂಶವೃಕ್ಷವನ್ನು ರಚಿಸಿ, ಬಾಲದ ಉದ್ದವನ್ನು ಅದರ ಮೇಲೆ ಹೊಂದಿಸಿ ನೋಡಿದಾಗ, ಬದಲಾವಣೆ ನಿರಂತರವಾಗಿ ನಡೆದಿರಲಿಲ್ಲ. ಪರಾಗ ಒಯ್ಯುವ ಪ್ರಾಣಿ ಬದಲಾದ ಹಂತಗಳಲ್ಲಿ, ಅಂದರೆ ಬಂಬಲ್‌ಬೀಯಿಂದ ಹಮ್ಮಿಂಗ್‌ಬರ್ಡಿಗೆ, ಹಮ್ಮಿಂಗ್‌ಬರ್ಡಿನಿಂದ ಹಾಕ್‌ಮಾತಿಗೆ ದಾಟಿದ ಹಂತಗಳಲ್ಲಿ, ಬಾಲ ನೆಗೆನೆಗೆದು ಉದ್ದವಾಗಿತ್ತು. ಇಲ್ಲಿ ಓಟದ ಪಂದ್ಯಕ್ಕಿಂತ ಮೆಟ್ಟಿಲು ಹತ್ತುವ ಹೋಲಿಕೆ ಹೆಚ್ಚು ಸರಿ. ಆ ಮೆಟ್ಟಿಲನ್ನು ಸಸ್ಯ ಹೇಗೆ ಹತ್ತಿತೆಂಬುದಕ್ಕೂ ನಂತರದ ಅಧ್ಯಯನಗಳಲ್ಲಿ ಉತ್ತರ ಸಿಕ್ಕಿದೆ. ಬೇರೆಬೇರೆ ಪ್ರಭೇದಗಳ ಬಾಲದ ಉದ್ದದಲ್ಲಿನ ಅಂತರಕ್ಕೆ ಕಾರಣ ಕೋಶಗಳ ಸಂಖ್ಯೆಯಲ್ಲ. ಕೋಶ ವಿಭಜನೆ ಬಾಲ ಚಿಕ್ಕದಾಗಿರುವಾಗಲೇ ಬಹುಮಟ್ಟಿಗೆ ನಿಂತುಬಿಡುತ್ತದೆ, ಆಮೇಲೆ ಇರುವ ಕೋಶಗಳೇ ನೀಳವಾಗಿ ಎಳೆದುಕೊಳ್ಳುತ್ತವೆ. ಬಾಲ ಮೊದಲು ಮೂಡುವುದಕ್ಕೆ ಬೇಕಾದ ಒಂದು ಜೀನನ್ನು ಸಂಶೋಧಕರು 2020ರಲ್ಲಿ ಗುರುತಿಸಿ ಅದಕ್ಕೆ ಪೊಪೊವಿಚ್ ಎಂದು ಹೆಸರಿಟ್ಟರು. ಚೀನಾದಲ್ಲಿ ಬೆಳೆಯುವ, ಬಾಲವೇ ಇಲ್ಲದ ಒಂದು ಕಾಲಂಬೈನನ್ನು ಬಾಲವಿರುವವುಗಳೊಂದಿಗೆ ಹೋಲಿಸಿದ್ದರಿಂದ ಈ ಜೀನ್ ಪತ್ತೆಯಾಯಿತು. ಇಲ್ಲದುದನ್ನು ಹುಡುಕಿ ಇರುವುದನ್ನು ತಿಳಿಯುವ ಜಾಣ ಕ್ರಮವಿದು.

ಹೂವಿನ ರೂಪ ಮತ್ತು ಅದರ ನೆಲೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ. ಅಲ್ಲಿ ತಗ್ಗಿನ ತೇವದ ಜಾಗಗಳಲ್ಲಿ, ತೊರೆಗಳ ದಂಡೆಯಲ್ಲಿ ಬೆಳೆಯುವ ಕೆಂಪು ಕಾಲಂಬೈನಿನ ಹೂವು ಕೆಳಮುಖವಾಗಿ ನೇತಾಡುತ್ತದೆ, ಅದಕ್ಕೆ ಬರುವುದು ಹಮ್ಮಿಂಗ್‌ಬರ್ಡ್. ಮರಗಳ ಎಲ್ಲೆ ದಾಟಿದ ಮೇಲಿನ ಕಲ್ಲು ಇಳಿಜಾರುಗಳಲ್ಲಿ ಬೆಳೆಯುವ ಬಿಳಿಚಿದ ಬಣ್ಣದ ಇನ್ನೊಂದು ಪ್ರಭೇದದ ಹೂವು ಮೇಲ್ಮುಖವಾಗಿ ನಿಲ್ಲುತ್ತದೆ, ಅದರ ಉದ್ದ ಬಾಲಕ್ಕೆ ಬರುವುದು ಹಾಕ್‌ಮಾತ್. ಇವೆರಡರ ನಡುವೆ ಬೆರಕೆ ಸುಲಭವಾಗಿ ನಡೆಯಬಲ್ಲದು, ನೆಲೆಗಳು ಕೂಡುವಲ್ಲಿ ಮಿಶ್ರ ಗಿಡಗಳೂ ಸಿಗುತ್ತವೆ. ಆದರೂ ಎರಡೂ ಬೇರೆಬೇರೆಯಾಗಿಯೇ ಉಳಿದಿವೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫುಲ್ಟನ್ ಮತ್ತು ಹಾಜಸ್ ಬಿಳಿ ಹೂವನ್ನು ಕೆಳಮುಖವಾಗಿ ಕಟ್ಟಿ ಕಾದು ನೋಡಿದರು. ಪತಂಗಗಳ ಭೇಟಿ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಬಾಲವನ್ನು ಗಿಡ್ಡಗೊಳಿಸಿದಾಗ ಪತಂಗಗಳು ಬರುವುದೇನೋ ನಿಲ್ಲಲಿಲ್ಲ, ಆದರೆ ಅವು ಹೊತ್ತೊಯ್ದ ಪರಾಗ ಕಡಿಮೆಯಾಯಿತು: ಗಿಡ್ಡ ಬಾಲದಲ್ಲಿ ಸೊಂಡಿಲು ಸಲೀಸಾಗಿ ತಳ ಮುಟ್ಟುವುದರಿಂದ ಪತಂಗದ ಮೈ ಕೇಸರಕ್ಕೆ ತಾಗುವ ಅಗತ್ಯವೇ ಬೀಳುವುದಿಲ್ಲ. ತೊಟ್ಟಿನ ಬಾಗುವಿಕೆಯಂಥ ಸಣ್ಣ ಸಂಗತಿಯೂ ಎರಡು ಪ್ರಭೇದಗಳ ನಡುವೆ ಬೇಲಿಯಾಗಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ಕೊಲರಾಡೊದ ನೀಲಿಬಿಳಿ ಕಾಲಂಬೈನ್ ಇವೆಲ್ಲವುಗಳಿಗಿಂತ ಹೆಚ್ಚು ಹೆಸರು ಮಾಡಿದೆ. 1899ರಲ್ಲಿ ಅದು ಆ ರಾಜ್ಯದ ಹೂವಾಯಿತು. 1925ರ ಕಾನೂನು ಸರ್ಕಾರಿ ಜಮೀನಿನಲ್ಲಿ ಗಿಡವನ್ನು ಕೀಳುವುದನ್ನು ನಿಷೇಧಿಸಿ, ದಿನವೊಂದಕ್ಕೆ 25ಕ್ಕಿಂತ ಹೆಚ್ಚು ಹೂವು, ಮೊಗ್ಗು, ಕಾಂಡಗಳನ್ನು ಕೊಯ್ಯಬಾರದೆಂದು ಮಿತಿ ಹಾಕಿತು. ರಾಕಿ ಪರ್ವತಗಳ ಎತ್ತರದಲ್ಲಿ ವಸಂತ ಬರುವುದೇ ಜೂನ್, ಜುಲೈ ತಿಂಗಳುಗಳಲ್ಲಿ, ಆದ್ದರಿಂದ ಅಲ್ಲಿ ವಸಂತದ ಹೂವು ಪಂಚಾಂಗದ ಪ್ರಕಾರ ಬೇಸಿಗೆಯ ಹೂವು.

ಪೂರ್ವದ ಕಾಡುಗಳಿಗೆ ಹಿಂದಿರುಗಿದರೆ, ಅಲ್ಲಿನ ನೆಲದ ಹೂಗಳಿಗೆ ಒದಗಿರುವ ಕಷ್ಟಗಳಲ್ಲಿ ಒಂದನ್ನು ನಂಬುವುದು ನಮಗೆ ಕಷ್ಟವಾದೀತು. ರೈತನ ಮಿತ್ರನೆಂದು ನಾವು ಶಾಲೆಯಲ್ಲಿ ಓದಿದ ಎರೆಹುಳು ಅಲ್ಲಿ ಶತ್ರು. ಹಿಮಯುಗದ ನೀರ್ಗಲ್ಲು ಹೊದ್ದಿದ್ದ ಉತ್ತರದ ಕಾಡುಗಳಲ್ಲಿ ಸ್ಥಳೀಯ ಎರೆಹುಳುಗಳು ಉಳಿದಿರಲಿಲ್ಲ, ತರಗೆಲೆ ನಿಧಾನವಾಗಿ ಕೊಳೆತು ದಪ್ಪ ಮೆತ್ತೆಯಾಗುತ್ತಿತ್ತು, ಕಾಡುಹೂಗಳ ಬೀಜ ಮತ್ತು ಬೇರುಗಳು ಆ ಮೆತ್ತೆಗೆ ಹೊಂದಿಕೊಂಡಿದ್ದವು. ಯುರೋಪಿನಿಂದ ಬಂದ ಎರೆಹುಳುಗಳು ಈಗ ಆ ಮೆತ್ತೆಯನ್ನು ತಿಂದು ನೆಲವನ್ನು ಬರಿದುಮಾಡುತ್ತಿವೆ.

ಇನ್ನೊಂದು ಕಷ್ಟ ಬೆಳಕಿನ ಕಿಟಕಿಗೇ ಸಂಬಂಧಿಸಿದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಯಾವ ಗಿಡ ಎಂದು ಚಿಗುರಿತು, ಎಂದು ಅರಳಿತು ಎಂಬುದನ್ನು ತಪ್ಪದೆ ಬರೆದಿಟ್ಟಿದ್ದ. ಆ ಟಿಪ್ಪಣಿಗಳನ್ನು ಈಚಿನ ಅವಲೋಕನಗಳೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೆಚ್ಚಗಾಗುತ್ತಿರುವ ಹವೆಗೆ ಅಲ್ಲಿನ ಮರಗಳು ಸುಮಾರು ಎರಡು ವಾರ ಮುಂಚಿತವಾಗಿ ಚಿಗುರುತ್ತಿವೆ, ನೆಲದ ಹೂಗಿಡಗಳು ಸುಮಾರು ಒಂದು ವಾರ ಮಾತ್ರ ಮುಂದೆ ಬಂದಿವೆ. ಮೇಲುನೋಟಕ್ಕೆ ಎಲ್ಲವೂ ಬೇಗ ಚಿಗುರುತ್ತಿವೆ ಅನ್ನಿಸಿದರೂ ಕಿಟಕಿ ಎರಡೂ ಬದಿಯಿಂದ ಸಮನಾಗಿ ಸರಿದಿಲ್ಲ, ಒಂದು ವಾರದಷ್ಟು ಕಿರಿದಾಗಿದೆ. ಇಡೀ ವರ್ಷದ ಸಂಪಾದನೆಯನ್ನು ಆ ಕೆಲವು ವಾರಗಳಲ್ಲೇ ಮಾಡಬೇಕಾದ ಟ್ರೌಟ್ ಲಿಲಿಯಂಥ ಗಿಡಕ್ಕೆ ಒಂದು ವಾರವೆಂದರೆ ಆದಾಯದ ದೊಡ್ಡ ಪಾಲು. ಬಂಡೆಯ ಅಂಚಿನ ಕಾಲಂಬೈನಿಗೆ ಚಪ್ಪರದ ಭಯ ಅಷ್ಟಿಲ್ಲ. ಅದರ ಲೆಕ್ಕ ನಿಂತಿರುವುದು ದೂರದಿಂದ ಹಾರಿಬರುವ ಹಕ್ಕಿ ಹೊತ್ತಿಗೆ ಸರಿಯಾಗಿ ತಲುಪುವುದರ ಮೇಲೆ.

ಕನ್ನಡನಾಡಿನಲ್ಲಿ ಕಾಡು ಕಾಲಂಬೈನ್ ಇಲ್ಲ. ಈ ಕೂಟದ ದಾಯಾದಿಯೊಂದು ಮಾತ್ರ ಇದೆ. ಅಪಲೇಚಿಯನ್ ಕಾಡಿನಲ್ಲಿ ವಸಂತಕ್ಕೆ ಏಳುವ ಜಾಕ್ ಇನ್ ದ ಪಲ್ಪಿಟ್ ಎಂಬ ಗಿಡದ ಕುಲದ್ದೇ ಆದ, ಹೆಡೆಯೆತ್ತಿದ ನಾಗರದಂತೆ ಕಾಣುವ ಗಿಡಗಳು ಪಶ್ಚಿಮಘಟ್ಟದಲ್ಲಿ ಮಳೆಗಾಲ ಹಿಡಿದೊಡನೆ ಗೆಡ್ಡೆಯಿಂದ ಎದ್ದು ನಿಲ್ಲುತ್ತವೆ, ಸುವರ್ಣಗೆಡ್ಡೆಯೂ ಅದೇ ಕುಟುಂಬದ್ದು. ಅಲ್ಲಿ ಬೆಳಕು ತೆರೆಯುವ ಕಿಟಕಿಯನ್ನು ನಮ್ಮಲ್ಲಿ ನೀರು ತೆರೆಯುತ್ತದೆ. ಕಾಲಂಬೈನನ್ನೇ ಅದರ ನೆಲೆಯಲ್ಲಿ ನೋಡಬೇಕೆನ್ನುವವರು ಹಿಮಾಲಯಕ್ಕೆ ಹೋಗಬೇಕು. ಕಾಶ್ಮೀರದಿಂದ ಉತ್ತರಾಖಂಡದವರೆಗಿನ ಇಳಿಜಾರುಗಳಲ್ಲಿ ಜೂನ್ ತಿಂಗಳಿನಿಂದ ಮುಂದಕ್ಕೆ, ನೇರಳೆ ಬಣ್ಣದ ಒಂದು ಪ್ರಭೇದವೂ ಪರಿಮಳ ಬೀರುವ ಬಿಳಿಯ ಇನ್ನೊಂದೂ ಅರಳುತ್ತವೆ. ಆ ಪರ್ವತಗಳಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ, ಬಂಬಲ್‌ಬೀಗಳು ಮಾತ್ರ ಧಾರಾಳವಾಗಿವೆ. ನೇರಳೆ ಹೂವಿನ ಬಾಲ ಅಲ್ಲಿ ಗಿಡ್ಡ, ತುದಿ ಕೊಕ್ಕೆಯಂತೆ ಒಳಕ್ಕೆ ಬಾಗಿದೆ.